ಜಗುಲಿಯ ಮೇಲಿನ ರಾಣಿ

ವಿಕಿ ಆಂಟಿ ಪಾತ್ರೆ ತೊಳೆಯುವಾಗಲೆಲ್ಲ ರಾಣಿಯನ್ನು ಬೈಯುತ್ತಿದ್ದರು.

ನಮ್ಮ ವೈಕೊರೊ ಊರಿನ ಮರಾಯ್‌ನಲ್ಲಿ, ಅಂದರೆ ನಮ್ಮ ಮಾವೊರಿ ಕುಲಕ್ಕೆಲ್ಲ ಸೇರಿದ ಅಂಗಳದಲ್ಲಿ, ಎರಡು ಕಟ್ಟಡಗಳಿವೆ. ಒಂದು ಸಭೆ ಸೇರುವ ಹಿರಿಮನೆ, ಇನ್ನೊಂದು ಊಟದ ಮನೆ. ಊಟದ ಮನೆಯ ಅಡುಗೆಕೋಣೆಯಲ್ಲಿ, ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ, ಸರಿಯಾಗಿ ಆಂಟಿಯ ಕಣ್ಣಿನ ಮಟ್ಟಕ್ಕೆ ಇಂಗ್ಲೆಂಡಿನ ರಾಣಿಯ ಫೋಟೋ ಇತ್ತು. ನ್ಯೂಜಿಲೆಂಡಿಗೂ ಅವಳೇ ರಾಣಿ. ಮದುವೆಯೋ ಸಾವೋ ಸಭೆಯೋ ಮುಗಿದು ರಾಶಿ ತಟ್ಟೆ ಬಿದ್ದಾಗ ಆಂಟಿ ತೋಳು ಮಡಚಿ ನಿಂತು ಶುರುಮಾಡುವರು.

"ಏನಮ್ಮಾ, ಕಿರೀಟ ಇಟ್ಕೊಂಡು ಹಲ್ಲು ಕಿರೀತಾ ಕೂತಿದ್ದೀಯ. ನಮ್ಮಮ್ಮನ ಗುಡ್ಡ ಯಾವಾಗ ಕೊಡ್ತೀಯ?"

ಕೇಳಿ ಒಂದು ಗಳಿಗೆ ಕಾಯುವರು. "ಇವತ್ತೂ ಇಲ್ವಂತೆ" ಎಂದು ನಮ್ಮ ಕಡೆ ತಿರುಗಿ ಹೇಳಿ ಮುಂದಿನ ತಟ್ಟೆಗೆ ಕೈ ಹಾಕುವರು.

ಗುಡ್ಡ ಎಂದರೆ ಹೊಳೆಯಾಚೆಗಿರುವುದು. ಕುಲದ ಹಳೆಯ ಸ್ಮಶಾನ ಅದರ ನೆತ್ತಿಯ ಮೇಲಿತ್ತು. ಆಂಟಿ ತೊದಲು ಮಾತಾಡುವ ವಯಸ್ಸಿನಲ್ಲಿ ಅವರ ತಾಯಿ ತೀರಿಕೊಂಡರು, ಅಲ್ಲೇ ಮಣ್ಣು ಮಾಡಿದರು. ಆಗ ಎರಡನೇ ಮಹಾಯುದ್ಧ ನಡೆದಿತ್ತು. ಸೈನ್ಯದ ಕಾವಲಿಗೆ ಬೇಕು, ಯುದ್ಧ ಮುಗಿದ ಮೇಲೆ ವಾಪಸ್ ಎಂದು ಹೇಳಿ ಸರ್ಕಾರ ಗುಡ್ಡ ತೆಗೆದುಕೊಂಡಿತು. ಯುದ್ಧ ಮುಗಿಯಿತು, ಬೇಲಿ ಮಾತ್ರ ಉಳಿಯಿತು. ಈಗ ಅಲ್ಲಿ ಯಾರೋ ಗುತ್ತಿಗೆಗೆ ಹಿಡಿದವರ ಕುರಿಗಳು ಮೇಯುತ್ತವೆ. ಆಂಟಿಗೆ ಇದ್ದದ್ದು ಒಂದೇ ಆಸೆ, ಸತ್ತ ಮೇಲೆ ತಾಯಿಯ ಪಕ್ಕದಲ್ಲಿ ಮಲಗಬೇಕು. "ನಮ್ಮಮ್ಮನ ಮುಖಾನೇ ನೆನಪಿಲ್ಲ ನನಗೆ. ಅದಕ್ಕೇ ಪಕ್ಕದಲ್ಲಿ ಮಲಗಬೇಕು" ಎನ್ನುತ್ತಿದ್ದರು.

ಅವರ ಪೂರ್ತಿ ಹೆಸರು ವಿಕಿತೋರಿಯಾ. ಈ ನೆಲದ ಮಾವೊರಿ ಮುಖಂಡರ ಜೊತೆ ಒಪ್ಪಂದ ಮಾಡಿಕೊಂಡಳಲ್ಲ, ಆ ಹಳೇ ರಾಣಿಯ ಹೆಸರು. ನಿಮ್ಮ ನೆಲ ನಿಮ್ಮದೇ ಎಂದು ಅವಳ ಹೆಸರಿನಲ್ಲೇ ಮಾತು ಕೊಟ್ಟಿದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಮಾತೂ ಹೋಯಿತು, ನೆಲವೂ ಹೋಯಿತು. ಆಂಟಿ ಮಾತ್ರ ಬಿಡುವ ಪೈಕಿಯಲ್ಲ. "ಮಾತು ಕೊಟ್ಟವಳ ಹೆಸರು ನಂದು. ಇವಳು ಅವಳ ಮೊಮ್ಮಗನ ಮೊಮ್ಮಗಳು. ಮನೆಯೊಳಗಿನ ಜಗಳ ಇದು, ನೀವ್ಯಾರೂ ಬಾಯಿ ಹಾಕ್ಬೇಡಿ" ಎಂದು ನಮ್ಮನ್ನು ಗದರುವರು.

ಆ ಫೋಟೋ ಹಿಂದೆ ಊರ ಶಾಲೆಯಲ್ಲಿತ್ತು. ಶಾಲೆ ಮುಚ್ಚಿದಾಗ ಬೆಂಚು, ನಕಾಶೆಗಳನ್ನೆಲ್ಲ ಹೊರಗೆ ರಾಶಿ ಹಾಕಿದ್ದರಂತೆ. ಆಂಟಿ ಫೋಟೋ ಒಂದನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಂದರು. ಪಾಪ, ಮುದುಕಿಗೆ ರಾಣಿಯ ಮೇಲೆ ಎಷ್ಟು ಭಕ್ತಿ ಎಂದು ಊರಿನ ಬಿಳಿಯರು ಮೆಚ್ಚಿಕೊಂಡರು. ಭಕ್ತಿಯೂ ಇಲ್ಲ, ಗಿಕ್ತಿಯೂ ಇಲ್ಲ. ಆ ಫೋಟೋದ ಕೆಳಗೆ ನಿಂತು, ತಮ್ಮ ಭಾಷೆ ಆಡಿದ ತಪ್ಪಿಗೆ, ಆಂಟಿ ಮತ್ತು ಅವರ ತಂಗಿ ಬೆತ್ತದ ಏಟು ತಿಂದಿದ್ದರು. "ಆಗ ನಾವು ಏಟು ತಿನ್ನೋದನ್ನ ನೋಡಿದಳು. ಈಗ ಪಾತ್ರೆ ತೊಳೆಯೋದನ್ನ ನೋಡ್ಲಿ" ಎಂದು ತೊಟ್ಟಿಯ ಮೇಲೆ ಮೊಳೆ ಹೊಡೆದರು.

ಇನ್ನು ನನ್ನ ವಿಷಯ. ನಾನು ಚಂದ್ರಾವತಿ, ಫಿಜಿಯ ಲೌಟೋಕಾದವಳು. ನನ್ನ ಮುತ್ತಜ್ಜನನ್ನು ಇದೇ ಕಿರೀಟದವರು ಕಬ್ಬು ಕಡಿಯಲು ಇಂಡಿಯಾದಿಂದ ಅಲ್ಲಿಗೆ ಹಡಗು ಹತ್ತಿಸಿದ್ದರು. ಮೂರು ತಲೆಮಾರು ಅಲ್ಲಿ ಬೆವರು ಸುರಿಸಿದ ಮೇಲೆ ಸೈನ್ಯದವರು ಸರ್ಕಾರವನ್ನು ಬೀಳಿಸಿದರು. ಇದು ನೆಲದ ಮಕ್ಕಳ ದೇಶ, ನೀವು ಹೊರಡಿ ಎಂದು ನಮ್ಮಪ್ಪನ ಬಟ್ಟೆ ಅಂಗಡಿಗೆ ಕಲ್ಲು ಬಿದ್ದವು. ನಾನು ಆಕ್ಲೆಂಡಿನ ಸೋದರಮಾವನ ಮನೆಗೆ ಬಂದೆ. ಹಣ್ಣು ತುಂಬುವ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿ ಅಲ್ಲಿ ರೇವಿಯನ್ನು ಕಂಡೆ. ರೇವಿ ಆಂಟಿಯ ತಂಗಿಯ ಮಗ, ಆದರೆ ಆಂಟಿಯೇ ಸಾಕಿ ಬೆಳೆಸಿದ್ದು. ಹಾಗಾಗಿ ಹೆಸರಿಗೆ ಆಂಟಿಯಾದರೂ ನನಗೆ ಅವರೇ ಅತ್ತೆ.

ಮದುವೆಯಾಗಿ ಬಂದ ದಿನ ಹಿರಿಮನೆಯ ಮುಂದೆ ನಿಂತು ನನ್ನನ್ನು ಕರೆದವರೂ ಅವರೇ. ಮರಾಯ್‌ನಲ್ಲಿ ಹೊರಗಿನವರು ತಾವಾಗಿ ಅಂಗಳ ತುಳಿಯುವಂತಿಲ್ಲ. ಒಳಗಿನ ಹೆಂಗಸೊಬ್ಬಳು ರಾಗ ಎತ್ತಿ ಕರೆಯಬೇಕು, ಆಮೇಲೆ ಹೆಜ್ಜೆ. ಆಂಟಿ ಕಟ್ಟಿಸಿದ ಹಲ್ಲಿನ ಸೆಟ್ ತೆಗೆದು ಏಪ್ರನ್ ಜೇಬಿಗೆ ಹಾಕಿಕೊಂಡು ಗಂಟಲು ತೆರೆದರು. ಅದು ಅಳುವೋ ಹಾಡೋ ಗೊತ್ತಾಗದಂಥ ದನಿ. ನನಗೆ ಒಂದಕ್ಷರವೂ ತಿಳಿಯಲಿಲ್ಲ, ಕಣ್ಣಲ್ಲಿ ನೀರು ಮಾತ್ರ ಬಂತು. ಒಬ್ಬರು ಹೊರಡು ಎಂದಿದ್ದರು, ಇನ್ನೊಬ್ಬರು ಬಾ ಎನ್ನುತ್ತಿದ್ದರು.

ಮರುದಿನವೇ ಬೈಗುಳವೂ ಸಿಕ್ಕಿತು. ಅಡುಗೆ ಮಾಡುವಾಗ ಕೂದಲು ಹಾರದಿರಲಿ ಎಂದು ಅಲ್ಲೇ ನೇತಾಡುತ್ತಿದ್ದ ಬಟ್ಟೆಯೊಂದನ್ನು ತಲೆಗೆ ಕಟ್ಟಿಕೊಂಡೆ. ಅದು ಪಾತ್ರೆ ಒರೆಸುವ ಬಟ್ಟೆ. ಆಂಟಿ ಬೆಂಕಿ ಬಿದ್ದವರಂತೆ ಓಡಿ ಬಂದು ಕಿತ್ತುಕೊಂಡರು.

"ಏ ಹುಡುಗಿ! ತಲೆ ಅಂದ್ರೆ ಏನಂದ್ಕೊಂಡೆ? ನಿನ್ನ ಹಿಂದಿನೋರೆಲ್ಲ ಕೂತಿರೋ ಜಾಗ ಅದು. ಅನ್ನದ ಬಟ್ಟೆ ತಲೆಗೆ ಮುಟ್ಟಿಸಬಾರದು, ತಲೆ ಬಟ್ಟೆ ಅನ್ನಕ್ಕೆ ಮುಟ್ಟಿಸಬಾರದು. ನಿಮ್ಮಮ್ಮ ಹೇಳಿಕೊಟ್ಟಿಲ್ವ?"

"ನಮ್ಮಲ್ಲಿ ಎಂಜಲಿಗೆ ಹೀಗೆ ಮಾಡ್ತಾರೆ ಆಂಟಿ. ಬಟ್ಟೆಗಲ್ಲ."

"ಓ, ಹಾಗಾದ್ರೆ ಅರ್ಧ ಕಲ್ತೇ ಬಂದಿದ್ದೀಯ. ಹೆಸರೇನಂದೆ, ಚಂದ್ರಾ ಏನೋ ವಾತಿ ಅಂತಲಾ? ನಮ್ಮ ಭಾಷೇಲಿ ವಾತಿ ಅಂದ್ರೆ ಗಡಿಯಾರ. ಗೆಣಸು ಬೆಂದಿದ್ಯಾ ನೋಡು ಹೋಗು, ಗಡಿಯಾರ."

ಅಂದಿನಿಂದ ನಾನು ಎಲ್ಲರಿಗೂ ವಾತಿ. ಬಟ್ಟೆ ಬೇರೆ ಇಡುವುದು ನನಗೆ ರಕ್ತಗತವಾಯಿತು. ಆಂಟಿಯೂ ನಾನೂ ಜೊತೆಗೆ ಎಷ್ಟು ಹಂದಿ, ಎಷ್ಟು ಮೂಟೆ ಗೆಣಸು ಬೇಯಿಸಿದೆವೋ ಲೆಕ್ಕವಿಲ್ಲ. ನಂಬರು ಕೂಗುವ ಹೌಸಿ ಆಟದಲ್ಲಿ ಅವರು ಮೋಸ ಮಾಡುವರು, ಸಿಕ್ಕಿಬಿದ್ದರೆ ಕಿವಿ ಕೇಳದವರಂತೆ ನಟಿಸುವರು. ಗಂಡಸರ ಭಾಷಣ ಉದ್ದವಾದರೆ ನಡುವೆಯೇ ಹಾಡು ಎತ್ತುವರು. ಹಾಡು ಬಂತೆಂದರೆ ಭಾಷಣ ಮುಗಿಯಲೇಬೇಕು, ಅದು ಹೆಂಗಸರ ಹಕ್ಕು. ಅವರ ಚಿಕ್ಕಪ್ಪನ ಮಗ ಹೋಹೆಪಾ ಅಂಕಲ್ ನಮ್ಮ ಕುಲದ ಮಾತುಗಾರ. ಅವರೂ ಬಿಟ್ಟ ಬಾಯನ್ನು ಹಾಗೇ ಮುಚ್ಚಿಕೊಂಡು ಕೂತದ್ದನ್ನು ನಾನೇ ಕಂಡಿದ್ದೇನೆ.

ಆ ಫೋಟೋ ಅಡುಗೆಕೋಣೆಯಲ್ಲಿ ಇದ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಹಿರಿಮನೆಯ ಗೋಡೆಗಳ ತುಂಬ ನಮ್ಮವರ ಫೋಟೋಗಳಿವೆ, ಆದರೆ ಎಲ್ಲ ಸತ್ತವರದೇ. ಬದುಕಿದ್ದವರ ಫೋಟೋ ಅವರ ನಡುವೆ ತೂಗುಹಾಕುವಂತಿಲ್ಲ, ಅದು ಸಾವನ್ನು ಕರೆದಂತೆ. ರಾಣಿ ಬದುಕಿರುವಷ್ಟು ದಿನ ಯಾರಿಗೂ ಯೋಚನೆಯೇ ಇರಲಿಲ್ಲ. ಅವಳು ಸಾಯುವ ಲಕ್ಷಣವೂ ಕಾಣುತ್ತಿರಲಿಲ್ಲ. "ನನಗಿಂತ ಗಟ್ಟಿ ಮುದುಕಿ" ಎಂದು ಆಂಟಿಯೇ ಒಪ್ಪಿಕೊಂಡಿದ್ದರು.

ಒಂದು ಸೆಪ್ಟೆಂಬರಿನ ಬೆಳಿಗ್ಗೆ ರಾಣಿ ತೀರಿಕೊಂಡಳೆಂದು ರೇಡಿಯೋ ಸುದ್ದಿ ಹೇಳಿತು. ನಾನೂ ಆಂಟಿಯೂ ಊಟದ ಮನೆಯಲ್ಲಿ, ಎಣ್ಣೆಯಲ್ಲಿ ಕರಿಯುವ ಇಲ್ಲಿನ ರೊಟ್ಟಿ ಮಾಡುತ್ತಿದ್ದೆವು. ಆಂಟಿ ಒಲೆ ಆರಿಸಿದರು. ಕುರ್ಚಿ ಎಳೆದು ಕೂತರು. ನನಗೂ ಏನು ಮಾಡಲು ತೋಚಲಿಲ್ಲ. ಪ್ರತಿ ವಾರದಂತೆ ಪಾತ್ರೆ ಒರೆಸುವ ಬಟ್ಟೆ ತೆಗೆದು ಫೋಟೋದ ಗಾಜಿನ ಮೇಲಿನ ಎಣ್ಣೆ ಜಿಡ್ಡು ಒರೆಸಲು ಹೋದೆ.

ಫಟ್ ಎಂದು ಕೈಗೆ ಏಟು ಬಿತ್ತು.

"ಆ ಬಟ್ಟೆ ಬೇಡ!"

"ಇಷ್ಟು ವರ್ಷ ಇದರಲ್ಲೇ ಒರೆಸಿದ್ದಲ್ವಾ ಆಂಟಿ?"

"ಇಷ್ಟು ವರ್ಷ ಬದುಕಿದ್ದಳು. ಈಗ ಸತ್ತಿದ್ದಾಳೆ. ಸತ್ತವರ ಮುಖಕ್ಕೆ ಅನ್ನದ ಬಟ್ಟೆ ಮುಟ್ಟಿಸ್ತೀಯಾ?"

ಎದ್ದು ಹೋಗಿ ಬೀರುವಿನಿಂದ ಹೊಸ ಬಿಳಿ ಬಟ್ಟೆ ತಂದರು. ಫೋಟೋ ಕೆಳಗಿಳಿಸಿ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಒರೆಸಿದರು. ಒರೆಸುತ್ತ ಅತ್ತರು. ನನಗೆ ಸಿಟ್ಟೇ ಬಂತು, ಇದೆಂಥ ಅಳು ಎಂದು.

"ಯಾಕೆ ಆಂಟಿ? ನಿಮಗೇನು ಕೊಟ್ಟಿದ್ದಾಳೆ ಅಂತ?"

"ಏನೂ ಕೊಡ್ಲಿಲ್ಲ ಕಣೇ. ಅದಕ್ಕೇ ಅಳು. ಇನ್ನು ಯಾರ ಹತ್ರ ಜಗಳ ಆಡ್ಲಿ ನಾನು? ನಂಗೂ ಎಂಬತ್ತು ದಾಟ್ತು."

ಅಡುಗೆಮನೆಯಲ್ಲಿ ಇರುವಂತಿಲ್ಲ, ಅವಳೀಗ ಸತ್ತವಳು. ಹಿರಿಮನೆಗೆ ಹಾಕಿದರೆ ನಮ್ಮವಳೆಂದು ಒಪ್ಪಿಕೊಂಡಂತೆ. ಊರೆಲ್ಲ ಗುಸುಗುಸು ಎದ್ದಿತು. ಆ ಶನಿವಾರವೇ ಹಿರಿಮನೆಯಲ್ಲಿ ಸಭೆ ಕೂಡಿತು. ಫೋಟೋ ಬಿಳಿ ಬಟ್ಟೆ ಹೊದ್ದು ನಡುವೆ ಕುರ್ಚಿಯ ಮೇಲೆ ಕೂತಿತ್ತು.

ಹೋಹೆಪಾ ಅಂಕಲ್ ಮೊದಲು ಎದ್ದರು. ಅವರು ಪ್ರಾಯದಲ್ಲಿ ಮಲಯಾದ ಕಾಡಿನಲ್ಲಿ ರಾಣಿಯ ಹೆಸರು ಹೇಳಿ ಬಂದೂಕು ಹಿಡಿದವರು.

"ಅವಳ ಉಪ್ಪು ತಿಂದಿದ್ದೀನಿ ನಾನು. ರಾಣಿ ಒಳ್ಳೆಯವಳೇ, ಕೆಟ್ಟವರು ಇಲ್ಲಿನ ಸರ್ಕಾರದೋರು. ಮರ್ಯಾದೆಯಿಂದ ಒಳಗೆ ಹಾಕೋಣ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಂಬಿಕೆ ಅವರದು. ದೇವರು ಕೊಟ್ಟಿದ್ದನ್ನು ಮಾತ್ರ ನಾವ್ಯಾರೂ ಕಂಡಿರಲಿಲ್ಲ.

ಎರಾನಾ ದಡಕ್ಕನೆ ಎದ್ದು ನಿಂತಳು. ಅವಳು ಆಂಟಿಯ ತಂಗಿಯ ಮೊಮ್ಮಗಳು, ರೇವಿಯ ಅಣ್ಣನ ಮಗಳು. ನಮ್ಮ ಭಾಷೆಯಲ್ಲೇ ನಡೆಯುವ ಶಿಶುವಿಹಾರದಲ್ಲಿ ಟೀಚರ್, ಬಾಯಿ ಬಿಟ್ಟರೆ ಪಟಾಕಿ.

"ಒಳಗಾ? ಈ ಫೋಟೋ ಕೆಳಗೆ ನಿಲ್ಲಿಸಿ ನಮ್ಮಜ್ಜಿಗೆ ಹೊಡೆದ್ರು. ಸಾಯೋವರೆಗೂ ಮಕ್ಕಳ ಹತ್ರ ನಮ್ಮ ಭಾಷೇಲಿ ಮಾತಾಡೋಕೆ ಹೆದರಿದಳು. ಅವಳ ಪಕ್ಕ ಇವಳ ಫೋಟೋನಾ? ಹೊಳೆಗೆ ಎಸೀರಿ. ರಾಜನೂ ಬೇಡ, ರಾಣಿನೂ ಬೇಡ. ಈ ದೇಶಕ್ಕೊಬ್ಬ ಅಧ್ಯಕ್ಷನ್ನ ನಾವೇ ಆರಿಸ್ಕೊಳ್ಳೋಣ."

"ಆ ಅಧ್ಯಕ್ಷನ ಹತ್ರ ಹೋಗಿ ಗುಡ್ಡ ಕೇಳ್ತೀಯಾ ನೀನು?" ಆಂಟಿ ಕೂತಲ್ಲಿಂದಲೇ ಕೇಳಿದರು. "ಮಾತು ಕೊಟ್ಟೋರು ಕಿರೀಟದೋರು, ನಾವಲ್ಲ ಅಂತ ಕೈ ತೊಳ್ಕೋತಾನೆ. ಸಾಲಗಾರನ ಮನೇನೇ ಕೆಡವಿಬಿಟ್ರೆ ಯಾರ ಬಾಗಿಲು ಬಡೀತೀಯ?"

"ಇಷ್ಟು ವರ್ಷ ಬಡಿದ್ರಲ್ಲ ಅಜ್ಜಿ, ಯಾರಾದ್ರೂ ತೆಗೆದ್ರಾ?"

ಆಂಟಿ ಕುರ್ಚಿಯ ಮೇಲಿನ ಬಿಳಿ ಬಟ್ಟೆಯನ್ನೇ ನೋಡುತ್ತ ಕೂತರು. ಹೈನುಗಾರಿಕೆಗೆಂದು ಫಿಲಿಪೀನ್ಸಿನಿಂದ ಬಂದು ನಮ್ಮ ಹುಡುಗಿಯನ್ನು ಮದುವೆಯಾದ ಬೆಂಜಿ ಮೂಲೆಯಿಂದ ಗೊಣಗಿದ: "ನಮ್ಮೂರಲ್ಲಿ ಅಧ್ಯಕ್ಷರೇ ಇರೋದು. ಅವರೂ ಫೋಟೋದಲ್ಲಿ ಹಿಂಗೇ ನಗ್ತಾರೆ." ಎಲ್ಲರೂ ನಕ್ಕರು, ಎರಾನಾ ಒಬ್ಬಳನ್ನು ಬಿಟ್ಟು.

ಆಂಟಿಯ ಮುಖ ನೋಡಲಾಗದೆ ನಾನು ಬಾಯಿ ತೆರೆದೆ. "ಎಸೆಯೋದು ಬೇಡ ಎರಾನಾ. ನಿಮ್ಮಜ್ಜಿ..."

"ವಾತಿ ಆಂಟಿ, ಇದು ನೆಲದ ಮಕ್ಕಳ ಮಾತು. ನೀವು ಆ ಕಿರೀಟದ ಗೇಟಿಂದ ಒಳಗೆ ಬಂದೋರು, ಅವಳಿಗೆ ಕೈ ಎತ್ತಿ ಪ್ರಮಾಣ ಮಾಡಿದೋರು. ನೀವು ಸುಮ್ನಿರಿ."

ನೆಲದ ಮಕ್ಕಳು. ಲೌಟೋಕಾದಲ್ಲಿ ಕೇಳಿದ ಅದೇ ಮಾತು. ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಪೌರತ್ವ ಕೊಡುವ ದಿನ ಪುರಸಭೆಯ ಹಾಲಿನಲ್ಲಿ ರಾಣಿಗೂ ಅವಳ ವಾರಸುದಾರರಿಗೂ ನಿಷ್ಠೆ ಎಂದು ನಾನು ಕೈ ಎತ್ತಿದ್ದೆ. ಲೌಟೋಕಾದಲ್ಲಿ ನೆಲದ ಮಕ್ಕಳು ಎಂಬ ಮಾತು ನಮ್ಮಪ್ಪನ ಅಂಗಡಿಯ ಗಾಜು ಒಡೆಯಿತು. ಇಲ್ಲಿ ಅದೇ ಮಾತು ನನ್ನ ಗಂಡನ ಮನೆಯವರ ಸಂಕಟ. ಎರಡೂ ನಿಜವೇ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆಂದು ನನಗೆ ಇಂದಿಗೂ ಗೊತ್ತಿಲ್ಲ. ರೇವಿ ಕೈ ಹಿಡಿದ. ಕೊಡವಿಕೊಂಡು ಹೊರಗೆ ನಡೆದೆ. ಚಪ್ಪಲಿ ಮೆಟ್ಟಿ, ಅಂಗಳ ದಾಟಿ, ಗೇಟಿನಾಚೆ ರಸ್ತೆಯಲ್ಲಿ ನಿಂತೆ.

ಹಿಂದಿನಿಂದ ಆ ದನಿ ಬಂತು.

ತಿರುಗಿ ನೋಡಿದರೆ ಆಂಟಿ ಜಗುಲಿಯ ಮೇಲೆ ನಿಂತಿದ್ದರು. ಹಲ್ಲಿನ ಸೆಟ್ ಕೈಯಲ್ಲಿತ್ತು. ಹೊರಗಿನಿಂದ ಬಂದ ಅತಿಥಿಗಳನ್ನು ಕರೆಯುವಂತೆ, ಮದುವೆಯ ದಿನ ಕರೆದಂತೆಯೇ, ಪೂರ್ತಿ ರಾಗ ತೆಗೆದು ನನ್ನನ್ನು ಕರೆಯುತ್ತಿದ್ದರು. ಈಗ ಅಕ್ಷರ ಅಕ್ಷರವೂ ತಿಳಿಯುತ್ತಿತ್ತು. ಬಾ, ಸಾಗರದಾಚೆಯಿಂದ ಬಂದವಳೇ, ನಿನ್ನ ಸತ್ತವರನ್ನೂ ಕರೆದುಕೊಂಡು ಬಾ, ನಮ್ಮ ಸತ್ತವರ ಪಕ್ಕ ಕೂರಿಸು. ಕರೆದ ಮೇಲೆ ನಿಲ್ಲುವಂತಿಲ್ಲ. ನಾನು ಮೂಗು ಒರೆಸಿಕೊಳ್ಳುತ್ತ ಒಳಗೆ ಹೋದೆ.

ಆಂಟಿ ಹಲ್ಲು ಹಾಕಿಕೊಂಡು ಎರಾನಾಳ ಮುಂದೆ ನಿಂತರು.

"ಕೇಳು. ಇವಳನ್ನ ಒಳಗೆ ಕರೆದಿದ್ದು ರಾಣಿ ಅಲ್ಲ, ನಾನು. ಈ ಗಂಟಲು. ನೆಲದ ಮಕ್ಕಳು ಅಂದ್ರೆ ಅದೇ ಕಣೇ ಅರ್ಥ, ಬಾ ಅನ್ನೋ ಹಕ್ಕು ನಮ್ಮದು. ಕರೆಯದೆ ನುಗ್ಗಿದವರ ಜೊತೆ ಜಗಳ ಆಡು, ನಾನೂ ಸಾಯೋವರೆಗೂ ಆಡ್ತೀನಿ. ಕರೆದ ಮೇಲೆ ಬಂದವರನ್ನ ಹೊರಡು ಅನ್ನೋಕೆ ನೀನ್ಯಾರು?"

ಎರಾನಾ ತಲೆ ತಗ್ಗಿಸಿದಳು. ಬಳಿ ಬಂದು, ಇಲ್ಲಿನ ರೂಢಿಯಂತೆ, ನನ್ನ ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ ನಿಂತಳು. ಅವಳ ಉಸಿರು ಬಿಸಿಯಾಗಿತ್ತು. "ತಪ್ಪಾಯ್ತು ಆಂಟಿ" ಎಂದಳು. ನನಗೆ ಪೂರ್ತಿ ಸಮಾಧಾನವಾಗಲಿಲ್ಲ, ಆದರೂ ಆಗಲಿ ಎಂದೆ.

"ಮತ್ತೆ ಇವಳು?" ಹೋಹೆಪಾ ಅಂಕಲ್ ಕುರ್ಚಿಯ ಕಡೆ ಕೈ ತೋರಿಸಿದರು. "ಇವಳ ಗತಿಯೇನಕ್ಕ?"

"ಇವಳನ್ನ ಇನ್ನೂ ಯಾರೂ ಕರೆದಿಲ್ಲ. ಕರೆಯೋವರೆಗೂ ಜಗುಲಿ ಮೇಲಿರ್ಲಿ. ಗುಡ್ಡ ವಾಪಸ್ ಬಂದ ದಿನ ನಾನೇ ನಿಂತು ಕರೀತೀನಿ. ಆಮೇಲೆ ನಿಮಗೆ ಬೇಕಾದ ಗೋಡೆಗೆ ಹಾಕ್ಕೊಳ್ಳಿ."

ಒಳಗೂ ಅಲ್ಲ, ಹೊರಗೂ ಅಲ್ಲ. ಅಂಕಲ್‌ಗೂ ಒಪ್ಪಿಗೆಯಾಯಿತು, ಎರಾನಾ ಕೂಡ ಬೇಡವೆನ್ನಲಿಲ್ಲ. ನಾವೆಲ್ಲ ಚಪ್ಪಲಿ ಬಿಡುವ ಜಗುಲಿಯಲ್ಲಿ, ಬಾಗಿಲಿನ ಪಕ್ಕದ ಗೋಡೆಗೆ ರಾಣಿಯನ್ನು ಹಾಕಿದರು. ಅವಳ ಕೆಳಗೆ ರಬ್ಬರ್ ಚಪ್ಪಲಿ, ಕೆಸರು ಮೆತ್ತಿದ ಬೂಟುಗಳ ಸಾಲು. ಆಂಟಿ ದಿನವೂ ಹೋಗುವಾಗ ಬರುವಾಗ ನಿಂತು ವಿಚಾರಿಸುವರು. "ಚಳಿ ಆಗ್ತಿದ್ಯಾ? ಗುಡ್ಡ ಕೊಡು, ಒಳಗೆ ಬೆಚ್ಚಗಿದೆ."

ಗುಡ್ಡ ಬರಲಿಲ್ಲ. ಮುಂದಿನ ಚಳಿಗಾಲದಲ್ಲಿ ಆಂಟಿಯೇ ಹೋದರು. ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದಾಗ ಗೋಡೆಗೆ ಒರಗಿ ಕೂತಂತೆಯೇ ಇದ್ದರು, ಹಲ್ಲಿನ ಸೆಟ್ ಜೇಬಿನಲ್ಲಿತ್ತು. ನನ್ನ ಸ್ವಂತ ತಾಯಿ ಹೋದಾಗ ನಾನು ಅಷ್ಟು ಅತ್ತಿರಲಿಲ್ಲ.

ತಾಯಿಯ ಪಕ್ಕದಲ್ಲಿ ಮಣ್ಣು ಮಾಡಲು ಅನುಮತಿ ಕೊಡಿ ಎಂದು ರೇವಿ ಅಧಿಕಾರಿಗಳಿಗೆ ಫೋನ್ ಮಾಡಿದ. ಪರಿಶೀಲಿಸುತ್ತೇವೆ ಎಂದರು. ಎಂದಿನಂತೆ ಮೂಗಿಗೆ ತುಪ್ಪ. ಹೆಣ ಪರಿಶೀಲನೆಗೆ ಕಾಯುವುದಿಲ್ಲ. ಹೊಳೆಯ ಈ ಕಡೆಯ ಹೊಸ ಸ್ಮಶಾನದಲ್ಲೇ ಗುಂಡಿ ತೋಡಿದರು.

ನಮ್ಮ ಕುಲದಲ್ಲಿ ಸತ್ತವರನ್ನು ಮಣ್ಣು ಮಾಡುವ ತನಕ ಮಲಗಿಸುವುದು ಹಿರಿಮನೆಯ ಜಗುಲಿಯಲ್ಲಿ. ಬಾಗಿಲಿನ ಪಕ್ಕದಲ್ಲಿ, ಮೂರು ದಿನ, ಪೆಟ್ಟಿಗೆಯ ಮುಚ್ಚಳ ತೆರೆದಿಟ್ಟು. ಆಂಟಿಯನ್ನು ತಂದು ಇಳಿಸಿದಾಗ ಹೋಹೆಪಾ ಅಂಕಲ್ ತಲೆಯೆತ್ತಿ ಗೋಡೆ ನೋಡಿದರು. ಪೆಟ್ಟಿಗೆ ನೋಡಿದರು. ಅಳುತ್ತಿದ್ದವರು ಹಾಗೇ ಬಿದ್ದು ಬಿದ್ದು ನಗತೊಡಗಿದರು.

"ಅಯ್ಯೋ ನಮ್ಮಕ್ಕನೇ! ಗೊತ್ತಿದ್ದೇ ಜಗುಲಿ ಅಂದಿದ್ದಾಳೆ ಕಣೋ ಇವಳು! ಮೂರು ದಿನ ರಾಣಿನ ತಲೆ ಮೇಲೇ ಇಟ್ಕೊಂಡು ವಿಚಾರಿಸ್ಕೊಳ್ಳೋಕೆ!"

ಆಗ ನಮಗೆಲ್ಲ ತಿಳಿಯಿತು. ಕಣ್ಣೀರಿನ ನಡುವೆಯೇ ಜಗುಲಿಯೆಲ್ಲ ನಗು.

ಮೂರು ದಿನವೂ ಜನ ಬಂದರು. ಸರ್ಕಾರದ ಕಡೆಯಿಂದಲೂ ಇಬ್ಬರು ಕಪ್ಪು ಕೋಟಿನವರು ಬಂದು, ಪೆಟ್ಟಿಗೆ ನೋಡಬೇಕೋ ಫೋಟೋ ನೋಡಬೇಕೋ ತಿಳಿಯದೆ ತಮ್ಮ ಬೂಟುಗಳನ್ನೇ ನೋಡಿಕೊಂಡು ನಿಂತರು. ಬಂದವರನ್ನೆಲ್ಲ ಕರೆದು ಒಳಗೆ ತಂದವಳು ಎರಾನಾ. ಆಂಟಿಯ ನಂತರ ಆ ಕರೆ ಅವಳ ಪಾಲಿಗೆ ಬಂದಿತ್ತು. ಮೊದಲ ದಿನ ದನಿ ನಡುಗಿತು, ಎರಡನೇ ದಿನ ಆಂಟಿಯದೇ ದನಿ ಎಂದು ಮುದುಕಿಯರು ತಲೆದೂಗಿದರು, ಮೂರನೇ ದಿನ ಬೆಳಗಾಗುವಷ್ಟರಲ್ಲಿ ಗಂಟಲು ಪೂರ್ತಿ ಕಟ್ಟಿತ್ತು.

ಅಂದು ಮುಚ್ಚಳ ಹಾಕುವ ಮೊದಲು ಜಗುಲಿಯಲ್ಲಿ ನಾವಿಬ್ಬರೇ ಪೆಟ್ಟಿಗೆಯ ಅಕ್ಕಪಕ್ಕ ಕೂತಿದ್ದೆವು. ಎರಾನಾ ಗೋಡೆಯ ಮೇಲಿನ ಫೋಟೋ ನೋಡುತ್ತಿದ್ದಳು. ಮಂಜಿನಿಂದ ಗಾಜಿನ ಮೇಲೆ ಹನಿ ಕೂತಿತ್ತು, ರಾಣಿಯ ಮುಖ ಕಾಣುತ್ತಿರಲಿಲ್ಲ.

"ವಾತಿ ಆಂಟಿ, ಯಾವ ಬಟ್ಟೇಲಿ ಒರೆಸಬೇಕು?"

ನನ್ನ ಚೀಲದಲ್ಲಿ ಆಂಟಿಯ ಆ ಬಿಳಿ ಬಟ್ಟೆಯೇ ಇತ್ತು. ಕೊಟ್ಟೆ. ಅವಳು ಚಪ್ಪಲಿಗಳ ನಡುವೆ ಜಾಗ ಮಾಡಿಕೊಂಡು ನಿಂತು, ಗಾಜು ಒರೆಸಿ, ಕಟ್ಟಿದ ಗಂಟಲಿನಲ್ಲೇ ಹೇಳಿದಳು:

"ನೋಡಮ್ಮಾ, ಇಲ್ಲೇ ನಿನ್ನ ಕಾಲ ಬುಡದಲ್ಲೇ ಮಲಗಿದ್ದಾರೆ ನಮ್ಮಜ್ಜಿ. ಇನ್ನು ನಿನ್ನನ್ನ ಕರೆಯೋ ಗಂಟಲು ನಂದು. ಹೇಳು, ಅವರಮ್ಮನ ಗುಡ್ಡ ಯಾವಾಗ ಕೊಡ್ತೀಯ?"

ಕೇಳಿ, ಆಂಟಿಯಂತೆಯೇ, ಒಂದು ಗಳಿಗೆ ಕಾದಳು.